ಅಳತೆಯ ಲೋಟ

ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ನಂದೊಂದು ಪೂಜೆ ಇರುತ್ತೆ. ಗಾಜಿನ ಲೋಟ ಫ್ರೀಜರಿಗೆ ಇಡೋದು, ನಿಂಬೆಹಣ್ಣು ಹಿಂಡೋದು, ಐಸ್ ತೆಗೆಯೋದು. ಆಮೇಲೆ ಎರಡು ಬಾಯಿಯ ಪುಟ್ಟ ಸ್ಟೀಲಿನ ಅಳತೆ ಲೋಟ, ಜಿಗ್ಗರ್ ಅಂತಾರೆ, ಅದನ್ನು ಹಿಡಿದು 60 ಮಿಲಿ ಆಪಲ್ ಬ್ರ್ಯಾಂಡಿ, 22 ಮಿಲಿ ನಿಂಬೆರಸ, 15 ಮಿಲಿ ಗ್ರೆನಡೀನ್. ಗ್ರೆನಡೀನ್ ಅಂದ್ರೆ ದಾಳಿಂಬೆ ಪಾಕ, ಅಷ್ಟೆ. ಅಂಗಡಿಯಲ್ಲಿ ಸಿಗುವ ಕೆಂಪು ಬಣ್ಣದ ಸಕ್ಕರೆ ನೀರನ್ನು ನಾನು ಮುಟ್ಟೋದಿಲ್ಲ. ದಾಳಿಂಬೆ ರಸಕ್ಕೆ ಸಮಸಮ ಸಕ್ಕರೆ ಹಾಕಿ ಮನೆಯಲ್ಲೇ ಕರಗಿಸಿಕೊಳ್ಳುತ್ತೇನೆ. ಎಲ್ಲವನ್ನೂ ಶೇಕರಿಗೆ ಸುರಿದು ಹದಿನೈದು ಸೆಕೆಂಡು ಕುಲುಕಿ ಸೋಸಿದರೆ ಗುಲಾಬಿ ಬಣ್ಣದ ಜ್ಯಾಕ್ ರೋಸ್ ತಯಾರು. ಆಪಲ್ ಬ್ರ್ಯಾಂಡಿ ಇಲ್ಲದ ವಾರ ಬಿಳಿ ರಮ್, ನಿಂಬೆರಸ, ಸಕ್ಕರೆ ಪಾಕ. ಅದು ಡೈಕಿರಿ. ಕ್ಯೂಬಾದ ಡೈಕಿರಿ ಅನ್ನೋ ಊರಿನ ಹತ್ತಿರ ಕಬ್ಬಿಣದ ಗಣಿಯಲ್ಲಿದ್ದ ಒಬ್ಬ ಅಮೆರಿಕನ್ ಇಂಜಿನಿಯರ್ 1898ರ ಸುಮಾರಿಗೆ ಇದನ್ನು ಮಾಡಿದ ಅಂತ ಕಥೆ. ಇಂಜಿನಿಯರ್ ಅನ್ನೋದು ಕೇಳಿ ನನಗೆ ಒಳಗೊಳಗೇ ಖುಷಿ.

ನಾವಿರೋದು ನ್ಯೂಜೆರ್ಸಿ. ಆಪಲ್ ಬ್ರ್ಯಾಂಡಿಗೆ ಇದು ತವರುಮನೆ ಇದ್ದ ಹಾಗೆ. ಇಲ್ಲಿಯ ರೈತರು ಹಿಂದೆ ಹುಳಿ ಬಂದ ಸೇಬಿನ ರಸವನ್ನು ಚಳಿಗಾಲದಲ್ಲಿ ಹೊರಗಿಟ್ಟು, ಹೆಪ್ಪುಗಟ್ಟಿದ ನೀರನ್ನು ತೆಗೆದು ಬಿಸಾಕಿ, ಉಳಿದ ಗಟ್ಟಿ ಸರಕನ್ನು ಕುಡಿಯುತ್ತಿದ್ದರಂತೆ. ಆಪಲ್‌ಜ್ಯಾಕ್ ಅನ್ನೋ ಹೆಸರು ಬಂದಿದ್ದು ಅಲ್ಲಿಂದ ಅಂತಾರೆ. ಲೇರ್ಡ್ ಮನೆತನದವರು 1780ರಿಂದ ಇದನ್ನೇ ವ್ಯಾಪಾರ ಮಾಡಿಕೊಂಡು ಬಂದಿದ್ದಾರೆ. ಇಂಥದ್ದೆಲ್ಲ ನನಗೆ ಬಾಯಿಪಾಠ. ಗೆಳೆಯರು ಮನೆಗೆ ಬಂದರೆ ಕುಲುಕುತ್ತಾ ಕುಲುಕುತ್ತಾ ಇದನ್ನೆಲ್ಲ ಹೇಳ್ತೀನಿ. ಯಾರಾದರೂ 'ಏನ್ ಗುರು, ಕುಡಿಯೋಕೆ ಶುರು ಮಾಡಿದ್ಯಾ?' ಅಂದರೆ ನನ್ನ ಉತ್ತರ ರೆಡಿ: 'ಕುಡಿಯೋದಲ್ಲಪ್ಪಾ, ಮಾಡೋದು.'

ಈ ಉತ್ತರಕ್ಕೆ ಮೊದಲ ಪೆಟ್ಟು ಬಿದ್ದಿದ್ದು ಹೋದ ವರ್ಷ ಅವ್ವ ಬಂದಾಗ. ಮೊಮ್ಮಗನನ್ನು ನೋಡಿಕೊಳ್ಳೋಕೆ ಆರು ತಿಂಗಳಿಗೆ ಬಂದಿದ್ದಳು. ಒಂದು ಶುಕ್ರವಾರ ಕಟ್ಟೆ ಪಕ್ಕ ನಿಂತು ನೋಡಿ, 'ಏನ್ಲಾ ಮಗ ಇದು, ಔಸ್ದಿ ಅಳ್ದಂಗೆ ಅಳೀತಾ ಇದ್ದೀಯ' ಅಂದಳು. ಹೇಳಿದೆ. ಬಾಟಲಿಗೆ ಎಷ್ಟು ಅಂತ ಕೇಳಿದಳು. ಮೂವತ್ತೈದು ಡಾಲರ್ ಅಂದೆ. ಅವ್ವ ಓದಿದ್ದು ನಾಲ್ಕನೇ ಕ್ಲಾಸು, ಆದರೆ ಡಾಲರನ್ನು ರೂಪಾಯಿಗೆ ತಿರುಗಿಸೋದರಲ್ಲಿ ನನಗಿಂತ ಚುರುಕು. ಒಂದು ಕ್ಷಣ ಸುಮ್ಮನಿದ್ದು ಅಂದಳು: 'ಇಷ್ಟ್ರಲ್ಲಿ ನಿಮ್ ಚಿಕ್ಕಪ್ಪ ಒಂದ್ ವರ್ಸ ಕುಡೀತಿದ್ನಲ್ಲೋ.'

ಬೈಯಲಿಲ್ಲ. ಲೆಕ್ಕ ಹೇಳಿದಳು ಅಷ್ಟೆ.

ಚಿಕ್ಕಪ್ಪನ ವಿಷಯ ಹೇಳಬೇಕು. ನಮ್ಮದು ಮಂಡ್ಯ ಕಡೆಯ ಹಳ್ಳಿ. ಅವನದು ಲಾರಿಗೆ ಕಬ್ಬು ತುಂಬುವ ಕೆಲಸ. ಬೆಳಗಿನ ಜಾವ ಶುರುವಾದರೆ ಕತ್ತಲಾಗುವವರೆಗೆ ಹೊರೆ ಹೊರೋದು. ಸಂಜೆ ಗದ್ದೆಗೂ ಮನೆಗೂ ನಡುವೆ ಪ್ಯಾಕೆಟ್ ಸಾರಾಯಿ ಅಂಗಡಿ. ನನಗಾಗ ಎಂಟೊಂಬತ್ತು ವರ್ಷ. ಸಂಜೆಯಾಗುತ್ತಿದ್ದ ಹಾಗೆ ಚಿಕ್ಕಮ್ಮ ನನ್ನನ್ನು ಊರ ಬಾಗಿಲ ಕಲ್ಲಿನ ಮೇಲೆ ಕೂರಿಸುತ್ತಿದ್ದಳು. ನನ್ನ ಕೆಲಸ ಇಷ್ಟೇ: ಚಿಕ್ಕಪ್ಪ ದೂರದಲ್ಲಿ ಕಾಣಿಸಿದ ಕೂಡಲೇ ಅವನ ನಡಿಗೆ ನೋಡೋದು, ಓಡಿ ಬಂದು ಹೇಳೋದು. 'ನೆಟ್ಟಗೆ ಬತ್ತಾವ್ನೆ' ಅಂದರೆ ಮನೆಯಲ್ಲಿ ಸಾರು ಕುದಿಯುತ್ತಿತ್ತು. 'ಓಲಾಡ್ತಾವ್ನೆ' ಅಂದರೆ ಚಿಕ್ಕಮ್ಮ ಹುಡುಗರನ್ನೂ ದುಡ್ಡಿನ ಡಬ್ಬಿಯನ್ನೂ ಎತ್ತಿಕೊಂಡು ನಮ್ಮ ಮನೆಗೆ ಬಂದುಬಿಡುತ್ತಿದ್ದಳು. ನಾನು ಬಿಇ ಸೇರುವ ಹೊತ್ತಿಗೆ ಚಿಕ್ಕಪ್ಪ ಹೋಗಿಬಿಟ್ಟ. ಹೀಗಾಗಬಾರದು ಅಂತ ಇಡೀ ಮನೆ ನನಗೆ ತೋರಿಸುತ್ತಿದ್ದ ಉದಾಹರಣೆ ಅವನು.

ಅವ್ವನ ಆ ಒಂದು ಮಾತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿತು. ನನಗೂ ಚಿಕ್ಕಪ್ಪನಿಗೂ ಇರುವ ವ್ಯತ್ಯಾಸ ಏನು? ಇದೆ ಅನ್ನೋದರಲ್ಲಿ ನನಗೆ ಸಂಶಯ ಇರಲಿಲ್ಲ. ಏನು ಅನ್ನೋದಷ್ಟೇ ಹೇಳೋಕಾಗಬೇಕಿತ್ತು.

ಮೊದಲು ಹೊಳೆದಿದ್ದು ಅಳತೆ. ಅವನು ಅಳೆಯದೆ ಕುಡಿದ, ನಾನು ಅಳೆದು ಕುಡಿಯುತ್ತೇನೆ. ಸರಿ, ಲೆಕ್ಕವನ್ನೇ ಹಾಕೋಣ. ಅಮೆರಿಕದಲ್ಲಿ 'ಒಂದು ಡ್ರಿಂಕ್' ಅಂದರೆ 14 ಗ್ರಾಂ ಶುದ್ಧ ಆಲ್ಕೋಹಾಲ್, ಅಂದರೆ 18 ಮಿಲಿಗೆ ಒಂಚೂರು ಕಡಿಮೆ. ನಾನು ಬಳಸುವ ಬ್ರ್ಯಾಂಡಿ ಶೇ. 50ರದ್ದು. 60 ಮಿಲಿಯಲ್ಲಿ 30 ಮಿಲಿ ಶುದ್ಧ ಆಲ್ಕೋಹಾಲ್. ಅಂದರೆ ನನ್ನ ಅಂಗೈಯಷ್ಟಿರುವ ಆ ಚೆಂದದ ಲೋಟ ಒಂದು ಡ್ರಿಂಕ್ ಅಲ್ಲ, 1.7 ಡ್ರಿಂಕ್. ಎರಡು ಲೋಟ ಅಂದರೆ ಮೂರೂವರೆಗೆ ಹತ್ತಿರ. ಹುಳಿ ಸಿಹಿ ತಂಪು ಎಲ್ಲ ಸೇರಿ ಪಾನಕದ ಥರ ಇಳಿಯೋದರಿಂದ ನಾಲಿಗೆಗೆ ಇದು ಗೊತ್ತೇ ಆಗೋದಿಲ್ಲ. ವರ್ಷಗಟ್ಟಲೆ ನಾನು ಅಳೆದಿದ್ದು ರುಚಿಯನ್ನೇ ಹೊರತು ಕುಡಿತವನ್ನಲ್ಲ. 1948ರಲ್ಲಿ ಡೇವಿಡ್ ಎಂಬರಿ ಅನ್ನೋ ವಕೀಲ ಕಾಕ್‌ಟೇಲ್ ಬಗ್ಗೆ ದೊಡ್ಡ ಪುಸ್ತಕ ಬರೆದ. ಬಾರ್‌ನಲ್ಲಿ ಕೆಲಸ ಮಾಡಿದವನಲ್ಲ, ನನ್ನ ಹಾಗೇ ಮನೆಯಲ್ಲಿ ಮಾಡುವವನು. ಜ್ಯಾಕ್ ರೋಸ್, ಡೈಕಿರಿ ಎರಡೂ ಅವನ ಆರು ಮೂಲ ಡ್ರಿಂಕ್‌ಗಳ ಪಟ್ಟಿಯಲ್ಲಿವೆ. ಅವನ ಹದ ಎಂಟು ಪಾಲು ಮದ್ಯ, ಎರಡು ಪಾಲು ಹುಳಿ, ಒಂದು ಪಾಲು ಸಿಹಿ. ಎಂಥಾ ಕರಾರುವಾಕ್ ಅಳತೆ! ಆದರೆ ಎಷ್ಟನೇ ಲೋಟಕ್ಕೆ ನಿಲ್ಲಿಸಬೇಕು ಅನ್ನೋದು ಈ ಅಳತೆಯ ಒಳಗಿಲ್ಲ.

ಬೆರೆಸೋದೇ ಒಂದು ಸಂಯಮ ಅನ್ನುವ ವಾದವೂ ಹಳೆಯದು. 1740ರಲ್ಲಿ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ವರ್ನನ್ ತನ್ನ ನಾವಿಕರ ಕುಡಿತ ನೋಡಲಾರದೆ ಒಂದು ಆಜ್ಞೆ ಹೊರಡಿಸಿದ. ದಿನದ ರಮ್ಮನ್ನು ಹಾಗೇ ಕೊಡಬಾರದು, ಒಂದಕ್ಕೆ ನಾಲ್ಕು ಪಾಲು ನೀರು ಬೆರೆಸಿ ಎರಡು ಹೊತ್ತು ಹಂಚಬೇಕು. ಬೇಕಾದವರು ನಿಂಬೆ, ಸಕ್ಕರೆ ಸೇರಿಸಿಕೊಳ್ಳಲಿ. ರಮ್, ನಿಂಬೆ, ಸಕ್ಕರೆ, ನೀರು. ಹೆಚ್ಚುಕಮ್ಮಿ ನನ್ನ ಡೈಕಿರಿ. ನಾವಿಕರು ಅದನ್ನು ಗ್ರಾಗ್ ಅಂತ ಕರೆದರು. ಆದರೆ ನೋಡಿ, ರಮ್ ಅಷ್ಟೇ ಇತ್ತು, ನೀರು ಜಾಸ್ತಿಯಾಯ್ತು. ಆ ದಿನನಿತ್ಯದ ರಮ್ ಪಡಿ ನಿಂತಿದ್ದು 1970ರ ಜುಲೈ 31ಕ್ಕೆ.

ಅಳತೆ ಹೋಯ್ತು, ಇನ್ನು ರುಚಿ. ಚಿಕ್ಕಪ್ಪ ಕುಡಿದಿದ್ದು ಕೆಟ್ಟ ಸಾರಾಯಿ. ನಂದು ಕಲೆ, ಚರಿತ್ರೆ, ಸಂಸ್ಕೃತಿ ಇತ್ಯಾದಿ. ಇಲ್ಲೂ ನನ್ನ ವಾದ ನಿಲ್ಲಲಿಲ್ಲ. ರಮ್ ಯಾವುದರಿಂದ ಮಾಡ್ತಾರೆ? ಹೆಚ್ಚಿನದು ಕಾಕಂಬಿಯಿಂದ. ನಮ್ಮ ಸಾರಾಯಿ? ಅದೇ ಸಕ್ಕರೆ ಫ್ಯಾಕ್ಟರಿಯ ಕಾಕಂಬಿಯಿಂದ. ಚಿಕ್ಕಪ್ಪ ಹಗಲೆಲ್ಲ ಹೊತ್ತ ಕಬ್ಬು ಸಂಜೆ ಪ್ಯಾಕೆಟ್ಟಾಗಿ ಅವನ ಕೈಗೇ ಬರುತ್ತಿತ್ತು. ಇನ್ನೂ ಒಂದು ಇದೆ. ಕಾಕ್‌ಟೇಲಿನ ಮುತ್ತಜ್ಜ ಅನ್ನಬಹುದಾದ ಪಂಚ್, ಹದಿನೇಳನೇ ಶತಮಾನದಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ಹಡಗಿನವರು ರೂಢಿ ಮಾಡಿಕೊಂಡಿದ್ದು; ಆ ಹೆಸರು ನಮ್ಮ 'ಪಂಚ', ಐದು ಸಾಮಾನು ಅನ್ನೋದರಿಂದಲೇ ಬಂತು ಅಂತ ಬಹಳ ಜನ ಹೇಳ್ತಾರೆ. ಅದಕ್ಕೆ ಹಾಕುತ್ತಿದ್ದ ಮದ್ಯ ಯಾವುದು ಗೊತ್ತಾ? ಅರಾಕು. ನಾನು ಶಿಫಾರಸು ಪತ್ರದ ಹಾಗೆ ಹಿಡಿದುಕೊಂಡು ಓಡಾಡುವ ಈ ವಂಶಾವಳಿಯ ಬೇರಿನಲ್ಲಿ ಚಿಕ್ಕಪ್ಪನ ಸಾರಾಯಿಯ ನೆಂಟನೇ ಕೂತಿದ್ದಾನೆ.

ಉಳಿದಿದ್ದು ಸ್ವಾತಂತ್ರ್ಯ. ಅವನು ಚಟಕ್ಕೆ ಸಿಕ್ಕಿಕೊಂಡಿದ್ದ, ನಾನು ಸ್ವತಂತ್ರವಾಗಿ ಆರಿಸಿಕೊಂಡಿದ್ದೇನೆ. ಆಪಲ್‌ಜ್ಯಾಕ್ ಎರಡು ಪಾಲು, ಬಿಳಿ ರಮ್ ಒಂದು ಪಾಲು, ಒಂಚೂರು ಪಾಕ ಸೇರಿಸಿ ಮಾಡುವ ಹಳೆಯ ಕಾಕ್‌ಟೇಲೊಂದಿದೆ. ಅದರ ಹೆಸರೇ ಲಿಬರ್ಟಿ! 1930ರ ಸವಾಯ್ ಹೋಟೆಲಿನ ಪುಸ್ತಕದಲ್ಲಿದೆ. ಹೆಸರು ಇಷ್ಟವಾಗಿ ಮಾಡಿ ಕುಡಿಯುತ್ತಿದ್ದೆ. ಆದರೆ ಆ ಒಂದು ಪಾಲು ರಮ್ಮಿನ ಕಥೆ ಏನು? ಬಾರ್ಬಡೋಸ್ ಮುಂತಾದ ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ಕಡಿದ ಕಬ್ಬು. ಅದರ ಕಾಕಂಬಿಯಿಂದ ರೋಡ್ ಐಲೆಂಡಿನಲ್ಲಿ ಮಾಡಿದ ರಮ್. ಅದನ್ನು ಆಫ್ರಿಕಾದ ಕರಾವಳಿಗೆ ಒಯ್ದು ಕೊಂಡಿದ್ದು ಮತ್ತೆ ಮನುಷ್ಯರನ್ನೇ. ಕುಡಿಯುವವನ ಸ್ವಾತಂತ್ರ್ಯದ ಬಿಲ್ಲು ಬೇರೆ ಯಾರದೋ ಹೆಸರಿಗೆ ಹೋಗುವುದು ಹೊಸದಲ್ಲ.

ನಮ್ಮ ಕಡೆಯದ್ದೇ ತಗೊಳ್ಳಿ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧ ಆಯ್ತು. ಚಿಕ್ಕಮ್ಮ ಅವತ್ತು ದೇವರಿಗೆ ತೆಂಗಿನಕಾಯಿ ಒಡೆದಳು. ಪ್ಯಾಕೆಟ್ ಹೋಯ್ತು, ಬಾಟಲಿ ಉಳಿಯಿತು. ಚಿಕ್ಕಪ್ಪ ಕಡಿಮೆ ಬೆಲೆಯ ವಿಸ್ಕಿಗೆ ತಿರುಗಿದ, ಖರ್ಚು ಜಾಸ್ತಿ ಆಯ್ತು ಅಷ್ಟೆ. ಅಮೆರಿಕದಲ್ಲೂ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ದುಡ್ಡಿದ್ದವರು ಮೊದಲೇ ಕೊಂಡು ಮನೆಯಲ್ಲಿ ಕೂಡಿಟ್ಟುಕೊಂಡಿದ್ದರು, ಮನೆಯಲ್ಲಿ ಕುಡಿಯೋದು ಆ ಕಾನೂನಿನಲ್ಲಿ ಅಪರಾಧವೇ ಆಗಿರಲಿಲ್ಲ. ಬಾಗಿಲು ಹಾಕಿಕೊಂಡು ಕುಡಿಯುವವನದು ಹವ್ಯಾಸ, ಬೀದಿಯಲ್ಲಿ ಕುಡಿಯುವವನದು ಚಟ. ಚಿಕ್ಕಪ್ಪನಿಗೆ ಇಲ್ಲದ್ದು, ನನಗೆ ಇರುವುದು ಆ ಬಾಗಿಲು. ಅದನ್ನು ನಾನು ಗುಣ ಅಂದುಕೊಂಡಿದ್ದೆ.

ಇಷ್ಟೆಲ್ಲ ಯೋಚನೆ ಮಾಡಿಯೂ ನಾನೇನು ಬದಲಾಗಲಿಲ್ಲ ಬಿಡಿ. ಅವ್ವ ಊರಿಗೆ ಹೋದಳು, ಶುಕ್ರವಾರದ ಪೂಜೆ ಮುಂದುವರಿಯಿತು.

ಈ ಜನವರಿಯ ಒಂದು ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಮಗನಿಗೆ ಜ್ವರ ಏರಿತು. ಕಣ್ಣು ಮೇಲಕ್ಕೆ ಹೋದ ಹಾಗೆ ಕಂಡು ಇಬ್ಬರಿಗೂ ಜೀವ ಬಾಯಿಗೆ ಬಂತು. ಆಸ್ಪತ್ರೆ ಎಂಟು ಮೈಲಿ. ಹೊರಗೆ ಹಿಮ. ನಾನು ಕೀ ತೆಗೆದುಕೊಂಡೆ. ಹೆಂಡತಿ ನನ್ನ ಮುಖ ನೋಡಿದಳು, ಆಮೇಲೆ ಸಿಂಕಿನಲ್ಲಿದ್ದ ಲೋಟ ನೋಡಿದಳು. 'ಎಷ್ಟಾಯ್ತು?' 'ಎರಡೇ.' 'ಕೊಡು ಇಲ್ಲಿ. ನೀನು ಹಿಂದೆ ಕೂತ್ಕೊಂಡು ಮಗೂನ ಹಿಡ್ಕೋ.' ಅವಳಿಗೆ ಲೈಸೆನ್ಸ್ ಸಿಕ್ಕಿ ಆಗ ಮೂರು ತಿಂಗಳು. ಹಿಮದಲ್ಲಿ ಒಂದು ದಿನವೂ ಓಡಿಸಿದವಳಲ್ಲ. ಸ್ಟೀರಿಂಗ್ ಹಿಡಿದ ಅವಳ ಕೈ ನಡುಗುತ್ತಿದ್ದದ್ದು ಹಿಂದಿನ ಸೀಟಿಗೆ ಕಾಣುತ್ತಿತ್ತು. ಹತ್ತು ವರ್ಷ ಗಾಡಿ ಓಡಿಸಿದ ನಾನು ಸುಮ್ಮನೆ ಕೂತಿದ್ದೆ. ಮಗು ಬೆಳಗ್ಗೆ ಹೊತ್ತಿಗೆ ಸುಧಾರಿಸಿತು. ಆ ಬಗ್ಗೆ ಅವಳು ಇವತ್ತಿನವರೆಗೂ ಒಂದು ಮಾತೂ ಆಡಿಲ್ಲ.

ಆದರೆ ಅಂದಿನಿಂದ ಒಂದು ಗಮನಿಸಿದೆ. ಶುಕ್ರವಾರ ಸಂಜೆ ನಾನು ಶೇಕರ್ ತೆಗೆಯುವ ಮೊದಲೇ ಬಾಗಿಲ ಪಕ್ಕದ ಮೊಳೆಯಲ್ಲಿರುವ ಕಾರಿನ ಕೀ ಅವಳ ಬ್ಯಾಗಿಗೆ ಹೋಗಿರುತ್ತೆ.

ಊರ ಬಾಗಿಲ ಕಲ್ಲು ನೆನಪಾಯ್ತು. ನಾನು ಓಲಾಡಿಲ್ಲ, ಬೈದಿಲ್ಲ, ಸಂಬಳ ಕಳೆದಿಲ್ಲ. ಆದರೂ ಈ ಮನೆಯಲ್ಲಿ ಒಬ್ಬಳು ಸಂಜೆಯಾಗುತ್ತಿದ್ದ ಹಾಗೆ ನನ್ನ ಲೆಕ್ಕ ಇಡೋಕೆ ಶುರು ಮಾಡಿದ್ದಾಳೆ. ನಾನು ಜಿಗ್ಗರಿನಲ್ಲಿ ಅಳೆದಿದ್ದೆಲ್ಲ ನನ್ನ ಅಳತೆ. ನಿಜವಾದ ಅಳತೆ ಇನ್ನೊಬ್ಬರ ಹತ್ತಿರ ಇತ್ತು: ನನ್ನ ಕುಡಿತದಿಂದ ಅವರು ತಮ್ಮ ಸಂಜೆಯಲ್ಲಿ ಏನೇನು ಬದಲಾಯಿಸಿಕೊಳ್ಳಬೇಕಾಯ್ತು, ಅಷ್ಟು. ಒಂಟಿಯಾಗಿ ಇರೋರಿಗೆ ಈ ಮಾತು ಅನ್ವಯಿಸೋದಿಲ್ವಾ ಅಂದರೆ, ರಸ್ತೆಯಲ್ಲಿ ಎದುರಿಗೆ ಬರುವವರು ಇದ್ದಾರಲ್ಲ. ಸ್ವಂತ ದೇಹವೂ ಇದೆ. ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಕುಡಿಯೋದು ಪಾಪ ಅಂತ ನಾನು ಈಗಲೂ ಹೇಳಲಾರೆ. ಪೂರ್ತಿ ಬಿಟ್ಟಿದ್ದೀನಿ ಅಂದರೆ ಸುಳ್ಳಾಗುತ್ತೆ. ಆದರೆ 'ಕುಡಿಯೋದಲ್ಲ, ಮಾಡೋದು' ಅನ್ನೋ ಮಾತು ಬಿಟ್ಟಿದ್ದೀನಿ. ಕುಡಿಯೋದನ್ನು ಕುಡಿಯೋದು ಅಂತಲೇ ಕರೀತೀನಿ. ಲೋಟ ತೆಗೆಯೋ ಮೊದಲು ಹೆಂಡತಿಯನ್ನು ಕೇಳ್ತೀನಿ: 'ಇವತ್ತು ಗಾಡಿ ನಿಂದಾ, ನಂದಾ?' 'ನಂದು' ಅಂದ ದಿನ ಒಂದೇ ಲೋಟ, ಅದೂ 45 ಮಿಲಿಯದ್ದು. 'ನಿಂದು' ಅಂದ ದಿನ ಅದೇ ದಾಳಿಂಬೆ ಪಾಕಕ್ಕೆ ನಿಂಬೆ, ಸೋಡಾ. ಅದನ್ನೂ ಅಳೆದೇ ಮಾಡ್ತೀನಿ, ಚೆನ್ನಾಗಿರುತ್ತೆ.

ಮೊನ್ನೆ ಶುಕ್ರವಾರ ಅವಳು 'ನಿಂದು' ಅಂದಳು. ಸೋಡಾ ಕುಡಿದು ಮುಗಿಸಿ ಬಾಗಿಲ ಹತ್ತಿರ ಹೋದಾಗ ನೋಡಿದೆ, ಮೊಳೆ ಖಾಲಿ ಇತ್ತು. ಕೀ ಅವಳ ಬ್ಯಾಗಿನಲ್ಲೇ ಇತ್ತು. ಯಾಕೆ ಅಂತ ಕೇಳಲಿಲ್ಲ. ಚಿಕ್ಕಪ್ಪ ನೆಟ್ಟಗೆ ನಡೆದು ಬರುತ್ತಿದ್ದ ವಾರಗಳಲ್ಲೂ ಚಿಕ್ಕಮ್ಮ ನನ್ನನ್ನು ಆ ಕಲ್ಲಿನ ಮೇಲೆ ಕೂರಿಸೋದು ತಪ್ಪಿಸುತ್ತಿರಲಿಲ್ಲ.