ಶಬ್ದಸಂಗ್ರಹವೂ ವಿವೇಕವೂ

ಎಳೆಯ ಮಕ್ಕಳಿಗೆ ಮೊದಲು ಕೊಡತಕ್ಕದ್ದು ಶಬ್ದವೋ ವಿಚಾರಶಕ್ತಿಯೋ ಎಂಬ ಪ್ರಶ್ನೆ ಹಳೆಯದು. ಬಾಲ್ಯದಲ್ಲಿ ಧಾರಣಶಕ್ತಿಯು ಬಲವಾಗಿರುವುದರಿಂದ ಆಗಲೇ ಶಬ್ದಗಳನ್ನು ಬಾಯಿಪಾಠ ಮಾಡಿಸಿಬಿಡಬೇಕು, ಅರ್ಥವು ವಯಸ್ಸು ಬಂದಂತೆ ತಾನಾಗಿಯೇ ಹೊಳೆಯುವುದು ಎಂದು ಒಂದು ಪಕ್ಷದವರು ಹೇಳುವರು. ಅರ್ಥವರಿಯದ ಶಬ್ದವು ಬುದ್ಧಿಗೆ ಹೊರೆ, ಆದುದರಿಂದ ವಿಚಾರಮಾಡುವುದನ್ನೇ ಮೊದಲು ಕಲಿಸಬೇಕೆಂದು ಇನ್ನೊಂದು ಪಕ್ಷದವರು ಹೇಳುವರು. ಇಬ್ಬರೂ ಶಬ್ದ ಬೇರೆ, ವಿಚಾರ ಬೇರೆ ಎಂದು ಭಾವಿಸಿಕೊಂಡೇ ವಾದಕ್ಕೆ ತೊಡಗಿರುವರಷ್ಟೆ. ಆ ಭಾವನೆಯೇ ಸರಿಯೆ ಎಂಬುದನ್ನು ಮೊದಲು ಪರೀಕ್ಷಿಸಬೇಕು.

ಮಗುವು ಮಾತನ್ನು ಕಲಿಯುವ ಬಗೆಯನ್ನು ಮೀಮಾಂಸಕರು ಒಂದು ದೃಷ್ಟಾಂತದಿಂದ ತೋರಿಸುವರು. ಮನೆಯ ಹಿರಿಯನು ಮತ್ತೊಬ್ಬನಿಗೆ ‘ಹಸುವನ್ನು ತಾ’ ಎನ್ನುತ್ತಾನೆ. ಅವನು ಹಸುವನ್ನು ತರುತ್ತಾನೆ. ಪಕ್ಕದಲ್ಲಿರುವ ಮಗುವಿಗೆ ಆ ಇಡೀ ಮಾತಿಗೂ ಆ ಇಡೀ ಕೆಲಸಕ್ಕೂ ಏನೋ ಸಂಬಂಧವಿದೆಯೆಂದು ಮಾತ್ರ ತೋರುತ್ತದೆ. ಬಳಿಕ ‘ಹಸುವನ್ನು ಕಟ್ಟು’, ‘ಕುದುರೆಯನ್ನು ತಾ’ ಎಂಬ ಮಾತುಗಳು ಕಿವಿಗೆ ಬೀಳುತ್ತವೆ. ಮಾತಿನಲ್ಲಿ ಒಂದು ಪದ ಉಳಿದು ಇನ್ನೊಂದು ಬದಲಾದಾಗ, ಕೆಲಸದಲ್ಲಿ ಯಾವುದು ಉಳಿಯಿತು, ಯಾವುದು ಬದಲಾಯಿತು ಎಂದು ನೋಡಿ ನೋಡಿ ಮಗುವು ಒಂದೊಂದು ಪದದ ಅರ್ಥವನ್ನೂ ಬಿಡಿಸಿಕೊಳ್ಳುತ್ತದೆ. ಇದನ್ನೇ ಶಾಸ್ತ್ರದಲ್ಲಿ ಆವಾಪೋದ್ವಾಪವೆಂದು ಕರೆಯುವರು. ಅಂದಮೇಲೆ, ತೊದಲುವ ಮಗುವು ಆಗಲೇ ತಾರ್ಕಿಕನು. ವಿಶ್ಲೇಷಣೆಯಿಲ್ಲದೆ ಅದಕ್ಕೆ ಒಂದು ಪದವೂ ದಕ್ಕಿದುದಲ್ಲ.

ಹಾಗೆಯೇ ಶಬ್ದದ ನೆರವಿಲ್ಲದೆ ವಿಚಾರವೂ ನಡೆಯದು. ಲೋಕದ ಜ್ಞಾನವೆಲ್ಲವೂ ಶಬ್ದದೊಡನೆ ಬೆರೆತೇ ತೋರುವುದೆಂಬುದು ವಾಕ್ಯಪದೀಯವನ್ನು ರಚಿಸಿದ ಭರ್ತೃಹರಿಯ ಮತ. ಇದಕ್ಕೆ ನಿದರ್ಶನವನ್ನು ಕನ್ನಡದ ಮನೆಯೊಳಗೇ ಕಾಣಬಹುದು. ಕೈಯನ್ನು ತೊಳೆಯುವರು, ಬಟ್ಟೆಯನ್ನು ಒಗೆಯುವರು, ಪಾತ್ರೆಯನ್ನು ಬೆಳಗುವರು, ನೆಲವನ್ನು ಸಾರಿಸುವರು. ಈ ನಾಲ್ಕು ಮಾತುಗಳನ್ನು ಕೇಳಿ ಬೆಳೆದ ಮಗುವು ನಾಲ್ಕು ಕೆಲಸಗಳ ಭೇದವನ್ನು ಯಾರೂ ಹೇಳಿಕೊಡದೆಯೇ ಅರಿಯುತ್ತದೆ. ಎಲ್ಲಕ್ಕೂ ‘ಕ್ಲೀನ್ ಮಾಡು’ ಎಂಬುದೊಂದನ್ನೇ ಕೇಳಿ ಬೆಳೆದ ಮಗುವಿಗೆ ಆ ಭೇದವನ್ನು ಗಮನಿಸಲು ಪ್ರೇರಣೆಯೇ ಇಲ್ಲ. ಹೀಚು, ಕಾಯಿ, ದೋರೆ, ಹಣ್ಣು ಎಂಬ ಪದಗಳನ್ನು ಬಲ್ಲವನು ಮಾವಿನ ಮರದಲ್ಲಿ ನಾಲ್ಕು ಅವಸ್ಥೆಗಳನ್ನು ಕಾಣುವನು. ಪದವು ಕಳೆದರೆ ಅದರೊಡನೆ ಒಂದು ನೋಟವೂ ಕಳೆಯುವುದು.

ಹೀಗೆ ಶಬ್ದವೂ ವಿಚಾರವೂ ಒಂದನ್ನೊಂದು ಬೆಳೆಸುವುದಾದರೆ, ಹಿರಿಯರ ಕರ್ತವ್ಯವೇನು? ಮೊಮ್ಮಗನೊಬ್ಬನು ಅಡಿಗೆಯ ಮನೆಯಲ್ಲಿ ಅಜ್ಜಿಯನ್ನು ಹೀಗೆ ಕೇಳಿದನೆಂದು ಭಾವಿಸಿಕೊಳ್ಳಬಹುದು: ‘ಅಜ್ಜಿ, ಮಾವಿನಹಣ್ಣು ಅಂತೀಯ, ತೆಂಗಿನಹಣ್ಣು ಅಂತ ಏಕೆ ಅನ್ನುವುದಿಲ್ಲ?’ ‘ಅಧಿಕಪ್ರಸಂಗ ಮಾಡಬೇಡ’ ಎಂಬುದು ಇದಕ್ಕೆ ಸುಲಭವಾದ ಉತ್ತರ. ಆದರೆ ಅಜ್ಜಿಯು ಕಾಯಿ ತುರಿಯುತ್ತಲೇ, ‘ಹಣ್ಣು ಅಂದರೇನು, ನೀನೇ ಹೇಳು ಮಗು’ ಎನ್ನುತ್ತಾಳೆ.

‘ಸಿಹಿಯಾಗಿರೋದು.’

‘ಹಾಗಾದರೆ ಬೆಲ್ಲವೂ ಹಣ್ಣೆ?’

‘ಅಲ್ಲ, ಗಿಡದಲ್ಲಿ ಬಿಡಬೇಕು, ಸಿಹಿಯೂ ಆಗಿರಬೇಕು.’

‘ನಿಂಬೆಹಣ್ಣು ಸಿಹಿಯೇನೋ? ಹುಣಸೆಹಣ್ಣು?’

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾಗಿದಾಗ ಮೆತ್ತಗಾಗೋದು ಹಣ್ಣು, ತೆಂಗಿನಕಾಯಿ ಬಲಿತರೆ ಗಟ್ಟಿಯಾಗುತ್ತದೆ, ಅದಕ್ಕೇ ಅದು ಕಾಯಿ’ ಎನ್ನುತ್ತಾನೆ. ಅಜ್ಜಿಯು ತಲೆದೂಗುವಷ್ಟರಲ್ಲಿ ಅವನೇ, ‘ಆದರೆ ಕುಂಬಳಕಾಯಿ ಮಾಗಿದರೂ ಕಾಯಿಯೇ ಅಲ್ಲವೇನಜ್ಜಿ?’ ಎಂದು ಕೇಳುತ್ತಾನೆ. ಅಜ್ಜಿಯು, ‘ಹೌದಪ್ಪ, ಅದೇಕೋ ನನಗೂ ತಿಳಿಯದು’ ಎನ್ನುತ್ತಾಳೆ.

ನ್ಯಾಯಶಾಸ್ತ್ರವನ್ನು ಓದಿದವರಿಗೆ ಇಲ್ಲಿ ನಡೆದುದೇನೆಂಬುದು ವಿದಿತವೇ. ಲಕ್ಷಣವು ಬೆಲ್ಲಕ್ಕೂ ಹೊಂದಿದುದು ಅತಿವ್ಯಾಪ್ತಿ. ನಿಂಬೆಹಣ್ಣಿಗೆ ಹೊಂದದೆ ಹೋದುದು ಅವ್ಯಾಪ್ತಿ. ಹಸುವಿಗೆ ಕೊಂಬುಳ್ಳದ್ದೆಂದು ಲಕ್ಷಣ ಹೇಳಿದರೆ ಎಮ್ಮೆಗೂ ತಗಲುವುದು, ಕಪಿಲವರ್ಣದ್ದೆಂದರೆ ಬಿಳಿಯ ಹಸು ಹೊರಗುಳಿಯುವುದು ಎಂದು ಪಾಠಶಾಲೆಗಳಲ್ಲಿ ಕಲಿಸುವುದು ಇದನ್ನೇ. 17ನೆಯ ಶತಮಾನದ ಅನ್ನಂಭಟ್ಟನು ತರ್ಕಸಂಗ್ರಹವನ್ನು ಬಾಲಕರಿಗಾಗಿಯೇ ರಚಿಸಿದೆನೆಂದು ಹೇಳಿಕೊಂಡಿರುವುದು ಸಾರ್ಥಕವಾಗಿದೆ. ರಷ್ಯಾದೇಶದ ಮನಶ್ಶಾಸ್ತ್ರಜ್ಞನಾದ ವೈಗೋಟ್ಸ್ಕಿಯೂ, 1934ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಮಗುವಿನ ಮನಸ್ಸಿನಲ್ಲಿ ಪದದ ಅರ್ಥವು ಒಮ್ಮೆಗೇ ಸಿದ್ಧವಾಗದೆ ಕ್ರಮೇಣ ಬೆಳೆಯುವುದೆಂದು ತೋರಿಸಿದನು.

ಹಾಗಾದರೆ ಬಾಯಿಪಾಠವು ತ್ಯಾಜ್ಯವೆ ಎಂದು ಶಂಕಿಸಬಹುದು. ಹಾಗಲ್ಲ. ಅಮರಕೋಶವನ್ನು ಬಾಲ್ಯದಲ್ಲಿ ಕಂಠಸ್ಥ ಮಾಡಿದವರಿಗೆ ಅದು ಕಡೆಯವರೆಗೂ ಕಣಜದಂತೆ ಒದಗುವುದು ಸತ್ಯ. ಅಲ್ಲದೆ ಆ ಕೋಶದಲ್ಲಿ ಪದಗಳು ಕಾಂಡ ಮೂರರಲ್ಲಿ, ದೇವತೆಗಳದು ಒಂದೆಡೆ, ಗಿಡಮೂಲಿಕೆಗಳದು ಒಂದೆಡೆ ಎಂದು ವರ್ಗವರ್ಗವಾಗಿ ನಿಂತಿವೆ. ಆ ಜೋಡಣೆಯೇ ಒಂದು ವಿಶ್ಲೇಷಣೆ. ದೋಷವಿರುವುದು ಕಣಜವನ್ನು ತುಂಬಿಸಿ ಬಾಗಿಲನ್ನು ತೆರೆಯಗೊಡದ ಉಪಾಧ್ಯಾಯನಲ್ಲಿ. ಅತಿಥಿಗಳ ಮುಂದೆ ಮಗುವಿನಿಂದ ರಾಜಧಾನಿಗಳ ಹೆಸರುಗಳನ್ನು ಒಪ್ಪಿಸಿ ಹಿಗ್ಗಿ, ರಾಜಧಾನಿಯೆಂದರೇನೆಂದು ಅದು ಕೇಳಿದಾಗ ಗದರಿಸುವ ತಂದೆತಾಯಿಗಳಲ್ಲಿ.

ಆ ಗದರಿಕೆಯಿಂದ ಬುದ್ಧಿಗಾಗುವ ಹಾನಿಗಿಂತ ಶೀಲಕ್ಕಾಗುವ ಹಾನಿ ದೊಡ್ಡದು. ತಿಳಿಯದುದನ್ನು ತಿಳಿದಂತೆ ನುಡಿದರೆ ಮೆಚ್ಚುಗೆ, ತಿಳಿಯಲಿಲ್ಲವೆಂದರೆ ಗದರಿಕೆ ಎಂಬುದನ್ನು ಮಗುವು ಬಹು ಬೇಗ ಕಲಿಯುತ್ತದೆ. ಅದು ಬೆಳೆದು ಗೃಹಸ್ಥನಾದ ಮೇಲೆ ಧರ್ಮ, ನ್ಯಾಯ, ಸ್ವಾತಂತ್ರ್ಯ ಎಂಬ ದೊಡ್ಡ ಪದಗಳನ್ನು ಯಾರು ಯಾವ ಅರ್ಥದಲ್ಲಿ ಉಚ್ಚರಿಸಿದರೂ ತಲೆಯಾಡಿಸುವನು. ‘ಹಾಗಾದರೆ ಬೆಲ್ಲವೂ ಹಣ್ಣೆ?’ ಎಂದು ಕೇಳುವ ಅಭ್ಯಾಸ ಅವನಿಗೆ ಇರುವುದಿಲ್ಲ.

ಮಗುವಿನ ಪ್ರಶ್ನೆಯನ್ನು ಸಹಿಸಲು ವಿದ್ವತ್ತು ಬೇಕಿಲ್ಲ. ಆ ಅಜ್ಜಿಯು ತರ್ಕಸಂಗ್ರಹವನ್ನು ಓದಿದವಳಲ್ಲ. ಅವಳಲ್ಲಿದ್ದುದು ಸ್ವಲ್ಪ ತಾಳ್ಮೆ. ತನಗೆ ತಿಳಿಯದುದನ್ನು ತಿಳಿಯದೆಂದು ಮೊಮ್ಮಗನ ಮುಂದೆ ಒಪ್ಪಿಕೊಳ್ಳುವ ಸತ್ಯ. ಹಿರಿತನಕ್ಕೆ ಇದರಿಂದ ಕುಂದು ಬರುವುದೆಂಬ ಅಂಜಿಕೆ ಹಲವರಿಗೆ ಉಂಟು. ಆದರೆ ಕುಂಬಳಕಾಯಿಯ ಸಮಸ್ಯೆಯನ್ನು ಹೊತ್ತು ಹಿತ್ತಿಲಿಗೆ ಓಡಿದ ಆ ಹುಡುಗನು, ಮರುದಿನ ಉತ್ತರವನ್ನು ಹುಡುಕಿಕೊಂಡು ಬಂದು ಕೂಡುವುದು ಅಜ್ಜಿಯ ಬಳಿಯಲ್ಲಿಯೇ.