ಅಂಗೈ ಬಿಚ್ಚಿ ಹಿಡಿ

ಸುಗ್ಗಿ ಮುಗಿದು ಹೊಲ ಬೋಳಾದ ಮೇಲೆ ನಮ್ಮ ಊರು ಮಸಗುಪ್ಪಿಯ ಕಡೆಗೆ ಕುರಿ ಹಿಂಡುಗಳು ಬರುತ್ತವೆ. ರಾತ್ರಿ ಹೊಲದಲ್ಲಿ ಕುರಿ ತರುಬಿದರೆ ಒಕ್ಕಲಿಗನಿಗೆ ಗೊಬ್ಬರ, ಕುರುಬರಿಗೆ ಕಾಳು-ಕಾಸು. ಘಟಪ್ರಭೆಯ ದಂಡೆಯಲ್ಲಿ ಇದು ಅಜ್ಜ-ಮುತ್ತಜ್ಜರ ಕಾಲದಿಂದ ನಡೆದುಬಂದ ಲೆಕ್ಕ. ಮೊನ್ನೆ ನಮ್ಮ ಹೊಲದಲ್ಲಿ ಬೀಡುಬಿಟ್ಟಿದ್ದ ಹಿಂಡು ಮುಂದಿನ ಊರಿಗೆ ಹೊರಡುವ ಬೆಳಗ್ಗೆ ನಾನು ಅಲ್ಲಿದ್ದೆ. ಗಂಡಸರು ಕುರಿ ಹೊಡೆದುಕೊಂಡು ಆಗಲೇ ದಾರಿ ಹಿಡಿದಿದ್ದರು. ಹಿಂದೆ ಉಳಿದವರು ಒಬ್ಬ ಹೆಣ್ಣುಮಗಳು, ಎಂಟೊಂಬತ್ತು ವರ್ಷದ ಅವಳ ಮಗಳು ಮತ್ತು ಒಂದು ಕುದುರೆ.

ಕುದುರೆಯ ಬೆನ್ನಿಗೆ ಮೊದಲು ಕೌದಿ ಬಿತ್ತು. ಅದರ ಮೇಲೆ ಜೋಳದ ಚೀಲ, ಎರಡೂ ಬದಿಗೆ ಕೊಡ, ಬೋಗಣಿ, ರೊಟ್ಟಿ ಹಂಚು, ಕುರಿದಡ್ಡಿಗೆ ಕಟ್ಟುವ ಬಲೆಯ ಸುರುಳಿ. ಒಂದು ಜೋಳಿಗೆಯಲ್ಲಿ ಹಿಂದಿನ ರಾತ್ರಿ ಹುಟ್ಟಿದ ಎರಡು ಮರಿ. ಎಲ್ಲಕ್ಕೂ ಮೇಲೆ ಕಾಲು ಕಟ್ಟಿದ ಕೋಳಿ. ಅರ್ಧ ತಾಸಿನಲ್ಲಿ ಒಂದು ಇಡೀ ಸಂಸಾರ ಕುದುರೆ ಏರಿತು. ಎಡದ ಭಾರಕ್ಕೆ ಬಲದ ಭಾರ ಸರಿದೂಗಿದೆಯೇ ಎಂದು ಆಕೆ ಮತ್ತೆ ಮತ್ತೆ ಅಂಗೈಯಲ್ಲಿ ಎತ್ತಿ ನೋಡುತ್ತಿದ್ದಳು. ಕುದುರೆ ಒಂದು ಕಿವಿಯನ್ನು ಅವಳ ಕಡೆಗೆ ತಿರುಗಿಸಿಕೊಂಡು ಸುಮ್ಮನೆ ನಿಂತಿತ್ತು.

“ಒದ್ದೀತಂತ ಅಂಜಿಕಿ ಆಗೂದಿಲ್ಲೇನವ್ವಾ?” ಎಂದು ಕೇಳಿದೆ.

“ಅಂಜೂದು ಅದು ರೀ ಅಕ್ಕಾರ. ನಾವು ಒದರಿದ್ರ ಅಂಜತೈತಿ. ಅಂಜಿದ ಮ್ಯಾಲೆ ಒದೀತೈತಿ” ಎಂದಳು.

ಆಮೇಲೆ ಚೀಲದಿಂದ ಒಂದು ಹಿಡಿ ನೆನೆದ ಹುರಳಿ ತೆಗೆದು ನನ್ನ ಕೈಗೆ ಹಾಕಿದಳು. ನಾನು ಮುಷ್ಟಿ ಬಿಗಿದೆ. “ಬೆರಳು ಮಡಚಬ್ಯಾಡ್ರಿ. ಅಂಗೈ ಬಿಚ್ಚಿ ಹಿಡೀರಿ” ಎಂದಳು. ಬಿಚ್ಚಿದೆ. ಬಿಸಿ ಉಸಿರು ಅಂಗೈಗೆ ತಾಗಿತು. ಹತ್ತಿಯಂಥ ತುಟಿಗಳು ಕಾಳನ್ನೆಲ್ಲ ಬಳಿದುಕೊಂಡವು. ಐವತ್ತು ದಾಟಿದ ನಾನು ಅಷ್ಟು ಹತ್ತಿರದಿಂದ ಕುದುರೆಯನ್ನು ಮುಟ್ಟಿದ್ದು ಅದೇ ಮೊದಲು.

ಹಾಗೆಂದು ಕುದುರೆ ನಮಗೆ ಹೊಸದಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಜಾತ್ರೆ ಎಂದರೆ ಕುದುರೆ ಗಾಡಿ ಶರ್ಯತ್ತು ಇರಲೇಬೇಕು. ನಾನು ಚಿಕ್ಕವಳಿದ್ದಾಗ ಮಾಳಿಗೆಯ ಮೇಲೆ ನಿಂತು ಅದನ್ನು ನೋಡುತ್ತಿದ್ದೆ. ಧೂಳು, ಗುಲಾಲು, ಗಂಡಸರ ಕೂಗು, ನಡುವೆ ಜೂಲು ಹಾರಿಸಿಕೊಂಡು ಬರುವ ಜೋಡಿ ಕುದುರೆ. ಓಟ ಮುಗಿದ ಮೇಲೆ ಬೆವರು ಆರಿಸಿಕೊಳ್ಳುತ್ತ ನಿಂತ ಕುದುರೆಯ ಕೊರಳು ಒಮ್ಮೆ ಮುಟ್ಟಬೇಕೆಂದು ಕೆಳಗಿಳಿದು ಓಡಿದ್ದೆ. “ಹೆಣ್ಣ ಹುಡುಗಿಗೆ ಕುದುರಿ ಹತ್ರ ಏನ ಕೆಲಸ?” ಎಂದು ಯಾರೋ ಹಿರಿಯರು ಗದರಿದರು. ತಿರುಗಿ ಮಾಳಿಗೆ ಹತ್ತಿದೆ. ಅವತ್ತಿನ ಆ ಪ್ರಶ್ನೆಗೆ ಇವತ್ತು ಉತ್ತರ ಕೊಡಬೇಕೆನಿಸಿದೆ.

ಕುದುರೆ ಕಂಡರೆ ಹುಡುಗಿಯರಿಗೆ ಅಷ್ಟೇಕೆ ಪ್ರೀತಿ? ಇದು ನನ್ನೊಬ್ಬಳ ಹುಚ್ಚಾಗಿರಲಿಲ್ಲ. ಯುರೋಪು, ಅಮೆರಿಕದ ಸವಾರಿ ಶಾಲೆಗಳಲ್ಲಿ ಇವತ್ತು ಹುಡುಗರಿಗಿಂತ ಹುಡುಗಿಯರೇ ಬಹಳ ಹೆಚ್ಚು. ಕುದುರೆಯ ಅಂದವೇ ಅದಕ್ಕೆ ಕಾರಣ ಎನ್ನುವವರಿದ್ದಾರೆ. ಕುದುರೆ ಏರಿ ಬರುವ ರಾಜಕುಮಾರನ ಕನಸು ಎನ್ನುವವರೂ ಇದ್ದಾರೆ. ನನಗೆ ಆ ಕುರುಬರ ಹೆಣ್ಣುಮಗಳ ಮಾತೇ ದಿಟವೆನಿಸುತ್ತದೆ: ಅಂಜುವುದು ಅದು.

ಕುದುರೆ ಹುಲ್ಲು ತಿನ್ನುವ ಪ್ರಾಣಿ. ಕೊಂಬಿಲ್ಲ, ಕೋರೆಯಿಲ್ಲ. ಲಕ್ಷಾಂತರ ವರ್ಷ ಅದು ಬದುಕಿದ್ದು ಓಡಿ. ಅದಕ್ಕೇ ತಲೆಯ ಎರಡು ಬದಿಗೆ ಕಣ್ಣು. ಮೂಗಿನ ನೇರ ಮುಂದೆ, ಬಾಲದ ನೇರ ಹಿಂದೆ ಸ್ವಲ್ಪ ಜಾಗ ಬಿಟ್ಟರೆ ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ. ಒಂದು ಕಿವಿ ಮುಂದಕ್ಕೆ, ಒಂದು ಹಿಂದಕ್ಕೆ ತಿರುಗಬಲ್ಲದು. ಮೇಯುವಾಗಲೂ ಅದು ಕಾವಲು ಬಿಡುವುದಿಲ್ಲ. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಕತ್ತಲಾದ ಮೇಲಿನ ಕಬ್ಬಿನ ಹೊಲದ ದಾರಿಯಲ್ಲಿ ನಮ್ಮ ಹುಡುಗಿಯರು ನಡೆಯುವುದೂ ಹೀಗೆಯೇ, ಹಿಂದಿನ ಹೆಜ್ಜೆ ಸಪ್ಪಳಕ್ಕೆ ಒಂದು ಕಿವಿ ಕೊಟ್ಟುಕೊಂಡು. ಆ ಎಚ್ಚರ ಏನೆಂದು ಬಲ್ಲವಳಿಗೆ ಕುದುರೆಯ ಬೆಚ್ಚು ಹುಚ್ಚಾಟವೆನಿಸುವುದಿಲ್ಲ. ಅದರ ಅಂಜಿಕೆ ಅವಳಿಗೆ ಅರ್ಥವಾಗುತ್ತದೆ.

ಇನ್ನೊಂದು ಮಾತು. ಚಿಕ್ಕ ತಟ್ಟುವಾದರೂ ಅದರ ತೂಕ ಮನುಷ್ಯನ ಮೂರ್ನಾಲ್ಕು ಪಟ್ಟು. ಗರಡಿಯ ಪೈಲ್ವಾನನೂ ಅದನ್ನು ತೋಳಿನಿಂದ ತಡೆದು ನಿಲ್ಲಿಸಲಾರ. ಅದರ ಎದುರು ನಿಂತಾಗ ಗಂಡು, ಹೆಣ್ಣು ಇಬ್ಬರೂ ಅಷ್ಟೇ ದುರ್ಬಲರು. ಅಲ್ಲಿ ನಡೆಯುವುದು ಹದವಾದ ಕೈ, ನೆಟ್ಟಗೆ ಕೂತ ಮೈ, ತಡಬಡಿಸದ ಉಸಿರು. ಸವಾರ ಗಾಬರಿಯಾಗಿ ತೊಡೆ ಬಿಗಿದರೆ ಜೀನಿನ ಕೆಳಗಿನ ಜೀವಕ್ಕೆ ಅದು ಕೂಡಲೇ ಗೊತ್ತಾಗುತ್ತದೆ. 2016ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 28 ಕುದುರೆಗಳಿಗೆ ಮನುಷ್ಯರ ಸಿಟ್ಟಿನ ಮತ್ತು ನಗುವಿನ ಮುಖದ ಚಿತ್ರಗಳನ್ನು ತೋರಿಸಿದರು. ಸಿಟ್ಟಿನ ಮುಖ ಕಂಡಾಗ ಅವುಗಳ ಎದೆಬಡಿತ ಬೇಗ ಏರಿತು; ಆ ಚಿತ್ರವನ್ನು ಅವು ಹೆಚ್ಚಾಗಿ ಎಡಗಣ್ಣಿನಿಂದ ನೋಡಿದವು, ಅಪಾಯವನ್ನು ನೋಡುವ ಹಾಗೆ. ಮುಖ ಓದಬಲ್ಲ ಪ್ರಾಣಿಯದು. ಮಾತು ಬಾರದ ಕೂಸಿನ ಹಸಿವನ್ನು, ಹಟ್ಟಿಯ ಎಮ್ಮೆಯ ಸಂಕಟವನ್ನು, ಹೊಸಿಲು ದಾಟಿ ಬಂದ ಗಂಡನ ಸಿಟ್ಟನ್ನು ಮುಖದಲ್ಲೇ ಓದಿ ಬದುಕಿದವಳು ನಮ್ಮ ಹೆಣ್ಣುಮಗಳು. ಇದನ್ನು ಹೆಣ್ಣಿನ ಹುಟ್ಟುಗುಣ ಎನ್ನಲಾರೆ. ಬದುಕು ಕಲಿಸಿದ ವಿದ್ಯೆ. ಮನೆಯಲ್ಲಿ ಈ ವಿದ್ಯೆಗೆ ಯಾರೂ ಬೆಲೆ ಕಟ್ಟುವುದಿಲ್ಲ. ಕುದುರೆ ಕಟ್ಟುತ್ತದೆ. ಅವಳು ಮೆಲ್ಲಗೆ ಹೇಳಿದ್ದನ್ನು ಅಷ್ಟು ದೊಡ್ಡ ಜೀವವೊಂದು ಕೇಳಿ ನಡೆಯುತ್ತದೆ. ದನಿ ಎತ್ತದೆ ಮಾತು ನಡೆಯುವ ಜಾಗ ಹೆಣ್ಣಿಗೆ ಈ ಲೋಕದಲ್ಲಿ ಎಷ್ಟಿವೆ?

ಹೆಣ್ಣಿಗೂ ಕುದುರೆಗೂ ಏನು ಕೆಲಸ ಎಂದು ಕೇಳುವವರು ನಮ್ಮ ಸೀಮೆಯ ನೆಲವನ್ನೊಮ್ಮೆ ಕೇಳಲಿ. ಬೆಳಗಾವಿಯ ಹತ್ತಿರದ ಕಾಕತಿಯಲ್ಲಿ ಹುಟ್ಟಿದ ಚೆನ್ನಮ್ಮ ಎಳವೆಯಲ್ಲೇ ಕುದುರೆ ಸವಾರಿ, ಕತ್ತಿವರಸೆ ಕಲಿತವಳು. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಕಂಪನಿ ಸರ್ಕಾರದ ಅಧಿಕಾರಿ ಥ್ಯಾಕರೆ ಬಿದ್ದದ್ದು ಅವಳ ಸೈನ್ಯದ ಎದುರು. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿ ಅವಳು ಇಂದಿಗೂ ಕುದುರೆಯ ಮೇಲೆ, ಕೈಯಲ್ಲಿ ಕತ್ತಿ ಹಿಡಿದೇ ಇದ್ದಾಳೆ. ಚೆನ್ನಮ್ಮನಿಗೂ ಒಂದೂವರೆ ಶತಮಾನ ಹಿಂದೆ, ಬೈಲಹೊಂಗಲ ಸೀಮೆಯ ಬೆಳವಡಿಯ ಮಲ್ಲಮ್ಮ ಹೆಣ್ಣುಮಕ್ಕಳ ಪಡೆ ಕಟ್ಟಿ ಶಿವಾಜಿಯ ಸೈನ್ಯವನ್ನು ತಡೆದಳೆಂದು ನಾಡು ನೆನೆಯುತ್ತದೆ. ಆ ಕಥೆಯ ನೆನಪಿನ ಶಿಲ್ಪ ಯಾದವಾಡದಲ್ಲಿದೆ; ನಮ್ಮ ಮೂಡಲಗಿಯ ಯಾದವಾಡವಲ್ಲ, ಧಾರವಾಡದ ಹತ್ತಿರದ್ದು. ವಿಜಯಪುರದ ಚಾಂದಬೀಬಿ 1580ರ ನಂತರ ಎಳೆಯ ಇಬ್ರಾಹಿಂ ಆದಿಲ್‌ಶಾಹನ ಪರವಾಗಿ ರಾಜ್ಯ ನೋಡಿಕೊಂಡವಳು. ದಖನಿ ಚಿತ್ರಕಾರರು ಅವಳನ್ನು ಬರೆದದ್ದು ಕುದುರೆಯ ಮೇಲೆ, ಕೈಮೇಲೆ ಡೇಗೆ ಕೂರಿಸಿಕೊಂಡು ಬೇಟೆಗೆ ಹೊರಟ ಭಂಗಿಯಲ್ಲಿ. ಅಂಥ ಚಿತ್ರಗಳು ಒಂದೆರಡಲ್ಲ.

ನಮ್ಮ ಅಜ್ಜಿಯಂದಿರ ಹದಿನೆಂಟು ಮೊಳದ ಕಚ್ಚೆ ಸೀರೆಯನ್ನೂ ಇಲ್ಲಿ ನೆನೆಯಬೇಕು. ಎರಡು ಕಾಲಿಗೂ ಬಿಡುವು ಕೊಡುವ ಉಡುಗೆ ಅದು. ಹೊಲದಲ್ಲಿ ಕಳೆ ಕೀಳುವುದಕ್ಕೆ ಒದಗುವ ಹಾಗೆ ಕುದುರೆಯ ಎರಡೂ ಬದಿಗೆ ಕಾಲು ಹಾಕಿ ಕೂರುವುದಕ್ಕೂ ಒದಗುತ್ತದೆ. ಅದೇ ಕಾಲದ ಇಂಗ್ಲೆಂಡಿನಲ್ಲಿ ಮರ್ಯಾದಸ್ಥ ಮನೆತನದ ಹೆಂಗಸರು ಉದ್ದನೆಯ ಲಂಗ ತೊಟ್ಟು, ಎರಡೂ ಕಾಲನ್ನು ಕುದುರೆಯ ಒಂದೇ ಬದಿಗೆ ಇಳಿಬಿಟ್ಟು ಕೂರಬೇಕಿತ್ತು. ಅದಕ್ಕೆಂದೇ ಬೇರೆ ಜೀನು ಇತ್ತು. ಕುದುರೆ ಬೇಡವೆನ್ನಲಾಗದೆ, ಮನಸಾರೆ ಸವಾರಿ ಮಾಡಲೂ ಬಿಡದೆ, ಸಮಾಜ ಹೂಡಿದ ಉಪಾಯ ಅದು.

ಒಲಿಂಪಿಕ್ಸ್‌ನಲ್ಲಿಯೂ ಬಹುಕಾಲ ಕುದುರೆ ಸವಾರಿ ಗಂಡಸರದ್ದೇ ಆಗಿತ್ತು. ಅದರಲ್ಲೂ ಸೈನ್ಯದ ಅಧಿಕಾರಿಗಳದ್ದು. ಕುದುರೆಯನ್ನು ತಾಳಬದ್ಧವಾಗಿ ನಡೆಸುವ ಡ್ರೆಸಾಜ್ ಸ್ಪರ್ಧೆಗೆ 1952ರ ಹೆಲ್ಸಿಂಕಿ ಕೂಟದಲ್ಲಿ ಮೊದಲ ಬಾರಿ ಹೆಂಗಸರನ್ನು ಬಿಟ್ಟುಕೊಂಡರು. ಆಗ ಬಂದವರಲ್ಲಿ ಒಬ್ಬಳು ಡೆನ್ಮಾರ್ಕಿನ ಲಿಸ್ ಹಾರ್ಟೆಲ್. 1944ರಲ್ಲಿ, ಬಸುರಿಯಾಗಿದ್ದಾಗ ಪೋಲಿಯೊ ತಗುಲಿ ಅವಳ ಮೊಣಕಾಲಿನ ಕೆಳಗೆ ಸ್ವಾಧೀನ ಹೋಗಿತ್ತು. ಕುದುರೆ ಹತ್ತಲು, ಇಳಿಯಲು ಬೇರೆಯವರ ಕೈ ಬೇಕು. ಹಿಮ್ಮಡಿಯಿಂದ ತಿವಿದು ಹೇಳುವುದು ಸಾಧ್ಯವಿರಲಿಲ್ಲ. ತೊಡೆಯ, ಬೆನ್ನಿನ, ಮೈಭಾರದ ಸೂಕ್ಷ್ಮ ಸನ್ನೆಗಳಲ್ಲೇ ಅವಳು ಜೂಬಿಲಿ ಎಂಬ ತನ್ನ ಕುದುರೆಯ ಜೊತೆ ಮಾತಾಡಿದಳು. ಗಂಡಸರ ಸಾಲಿನಲ್ಲಿ ಬೆಳ್ಳಿ ಗೆದ್ದಳು. ನಾಲ್ಕು ವರ್ಷದ ನಂತರ ಮತ್ತೊಂದು ಬೆಳ್ಳಿ. ಇವತ್ತು ಒಲಿಂಪಿಕ್ಸ್ ಸವಾರಿಯಲ್ಲಿ ಹೆಣ್ಣಿಗೊಂದು, ಗಂಡಿಗೊಂದು ಎಂದು ಬೇರೆ ಸ್ಪರ್ಧೆ ಇಲ್ಲ. ಒಂದೇ ಅಂಗಳ, ಒಂದೇ ಪದಕ. 2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ದೇಶದ ಡ್ರೆಸಾಜ್ ತಂಡ ಚಿನ್ನ ಗೆದ್ದಿತಲ್ಲ, 41 ವರ್ಷಗಳ ನಂತರ ಸವಾರಿಯಲ್ಲಿ ಬಂದ ಆ ಚಿನ್ನದ ನಾಲ್ವರಲ್ಲಿ ಇಬ್ಬರು ಹುಡುಗಿಯರು: ಸುದೀಪ್ತಿ ಹಜೇಲಾ ಮತ್ತು ದಿವ್ಯಕೃತಿ ಸಿಂಗ್.

ಇಷ್ಟೆಲ್ಲ ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಮನೆಗಳ ಜಗಲಿಯ ಮೇಲೆ ಮೈಲಾರಲಿಂಗನ ಪಟವಿದೆ. ಅವನ ಕ್ಷೇತ್ರ ಮಂಗಸೂಳಿಗೆ ನಡೆದು ಹೋಗಿ ಭಂಡಾರ ಹಚ್ಚಿಕೊಂಡು ಬರುವ ಮಂದಿ ನಾವು. ಆ ಪಟದಲ್ಲಿ ಬಿಳಿ ಕುದುರೆಯ ಮೇಲೆ ದೇವರೊಬ್ಬನೇ ಇಲ್ಲ, ಜೊತೆಗೆ ಅವನ ಮಡದಿ, ದೇವಿ ಅವ್ವನೂ ಇದ್ದಾಳೆ. ಕೆಲವು ಪಟಗಳಲ್ಲಿ ರಾಕ್ಷಸನಿಗೆ ಭರ್ಚಿ ಎತ್ತಿದವಳೂ ಅವಳೇ. ದಿನಾ ಆ ಪಟಕ್ಕೆ ಊದಿನಕಡ್ಡಿ ಹಚ್ಚುವ ನಾವು ಮನೆಯ ಮಗಳು ಕುದುರೆಯ ಹತ್ತಿರ ಹೋದರೆ ಗದರುತ್ತೇವೆ.

ಗದರುವುದಷ್ಟೇ ಅಲ್ಲ. ಮಗಳು ಸ್ವಲ್ಪ ಮಾತಾಡಿದರೆ “ಲಗಾಮು ಹಾಕ್ರಿ ಅಕೀಗೆ” ಎನ್ನುತ್ತೇವೆ. ಲಗಾಮು ಯಾವಾಗಲೂ ಹೆಣ್ಣಿನ ಬಾಯಿಗೆ, ಹಿಡಿಯುವ ಕೈ ಇನ್ನೊಬ್ಬರದು. ಕುದುರೆ ಏರಿದ ಹುಡುಗಿಗೆ ಮೊದಲ ಸಲ ಆ ಹಗ್ಗದ ಇನ್ನೊಂದು ತುದಿ ಸಿಗುತ್ತದೆ. ಸಿಕ್ಕ ಕೂಡಲೇ ಅವಳಿಗೆ ತಿಳಿಯುತ್ತದೆ, ಜಗ್ಗಿದರೆ ಬಾಯಿ ನೋಯುತ್ತದೆಂದು. ಹಿಡಿತವೆಂದರೆ ನೋವು ಕೊಡುವುದಲ್ಲ ಎಂದು ಲಗಾಮಿನ ಎರಡೂ ತುದಿ ಬಲ್ಲವಳಿಗೆ ಬೇರೆ ಹೇಳಿಕೊಡಬೇಕಿಲ್ಲ. ಅಂಥ ಕೈಗೆ ಮನೆಯನ್ನಾಗಲಿ, ಊರನ್ನಾಗಲಿ ಧೈರ್ಯವಾಗಿ ಒಪ್ಪಿಸಬಹುದು.

ಸವಾರಿ ಇನ್ನೊಂದನ್ನೂ ಕೊಡುತ್ತದೆ: ದಾರಿ. ಯಾರನ್ನೂ ಕಾಯದೆ, ಯಾರ ಹಿಂದೆಯೂ ಕೂರದೆ ಹೋಗಬಲ್ಲ ದಾರಿ. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ಹೊಳೆದಂಡೆಯ ರಸ್ತೆಗಳಲ್ಲಿ ಜಡೆ ಹಾರಿಸಿಕೊಂಡು ಹೋಗುವ ಹುಡುಗಿಯರ ಸಾಲು ನೋಡಿದವರಿಗೆ ನಾನು ಹೇಳುವುದು ಅರ್ಥವಾದೀತು. ಆ ಮುಖಗಳ ಮೇಲಿನ ಬೆಳಕು ಸವಾರನ ಬೆಳಕೇ. ಆದರೆ ಸೈಕಲ್ಲಿಗೆ ಉಸಿರಿಲ್ಲ. ಕುದುರೆ ಒಪ್ಪಬೇಕು, ನಂಬಬೇಕು. ನಂಬಿಸಿಕೊಂಡು ಹೋದ ದಾರಿಯ ಸುಖವೇ ಬೇರೆ.

ಕುರುಬರ ಕುದುರೆಗೆ ಈಚೆಗೆ ಗೌರವವೂ ಬಂದಿದೆ. ಭೀಮಾ ತೀರದ ಕುರಿಗಾಹಿ ಧನಗರರು ವಲಸೆಯಲ್ಲಿ ಸಾಮಾನು ಹೇರಲು ಸಾಕಿಕೊಂಡು ಬಂದ ಭೀಮಥಡಿ ಕುದುರೆಯನ್ನು ರಾಷ್ಟ್ರೀಯ ತಳಿಪಟ್ಟಿಗೆ ಸೇರಿಸಿದ್ದಾರೆ. ತಳಿ ಉಳಿದದ್ದು ಅರಮನೆಯ ಲಾಯದಲ್ಲಲ್ಲ, ಹೀಗೆ ಬೀಡಿನಿಂದ ಬೀಡಿಗೆ ಕುದುರೆ ಹೇರಿ, ಇಳಿಸಿ, ಹುರಳಿ ನೆನೆಹಾಕಿದ ಹೆಣ್ಣುಮಕ್ಕಳ ಕೈಯಲ್ಲಿ ಎಂಬುದನ್ನು ಮರೆಯಬಾರದು.

ಆ ಬೆಳಗ್ಗೆ ಹೊರಡುವ ಮುಂಚೆ ತಾಯಿ ಮಗಳನ್ನು ಎತ್ತಿ ಹೇರಿನ ಮುಂದೆ, ಕೌದಿಯ ಮೇಲೆ ಕೂರಿಸಿದಳು. ಜೀನಿಲ್ಲ, ರಿಕಾಪಿಲ್ಲ. ಹುಡುಗಿ ಒಂದು ಕೈಯಲ್ಲಿ ಜೂಲು ಹಿಡಿದು, ಇನ್ನೊಂದು ಕೈಯನ್ನು ಕುರಿಮರಿಯ ತಲೆಯ ಮೇಲಿಟ್ಟು ಕೂತಳು. ಏನೋ ಪಿಸುಗುಟ್ಟಿದಳು. ಕುದುರೆಯ ಕಿವಿ ಹಿಂದಕ್ಕೆ ತಿರುಗಿತು, ಹೆಜ್ಜೆ ಮುಂದಕ್ಕೆ ಬಿತ್ತು. ಶಾಲೆಯಲ್ಲಿರಬೇಕಾದ ವಯಸ್ಸು ಅವಳದು. ಆ ಸಂಕಟ ನನ್ನಲ್ಲಿದೆ. ಆದರೂ ಎತ್ತರದಲ್ಲಿ ಕೂತು ದೂರ ನೋಡುತ್ತ ಹೋದ ಆ ಮುಖದಲ್ಲಿ ಅಳುಕಿರಲಿಲ್ಲ. ನಮ್ಮ ಶಾಲೆಗಳು ಹೆಣ್ಣುಮಕ್ಕಳಿಗೆ ಆ ನೋಟವನ್ನೂ ಕೊಡುವಂತಾಗಲಿ.

ಈ ಸಲ ಜಾತ್ರೆಗೆ ನನ್ನ ಮೊಮ್ಮಗಳು ಬರುತ್ತಾಳೆ. ಅವಳನ್ನು ಮಾಳಿಗೆಗೆ ಹತ್ತಿಸುವುದಿಲ್ಲ. ಹಿಂದಿನ ರಾತ್ರಿಯೇ ಹುರಳಿ ನೆನೆಹಾಕುತ್ತೇನೆ. ಓಟ ಮುಗಿದು ಧೂಳು ಅಡಗಿದ ಮೇಲೆ ಕುದುರೆಯ ಒಡೆಯನನ್ನು ಕೇಳಿ, ಅವಳ ಕೈಹಿಡಿದು ಹತ್ತಿರ ಕರೆದೊಯ್ಯುತ್ತೇನೆ. ಯಾರಾದರೂ ಗದರಿದರೆ ಈಗ ನನ್ನ ಹತ್ತಿರ ಉತ್ತರವಿದೆ. ಅವಳಿಗೆ ಹೇಳಬೇಕಾದದ್ದು ಮಾತ್ರ ಒಂದೇ ಮಾತು: ಬೆರಳು ಮಡಚಬ್ಯಾಡ ಮಗಳ, ಅಂಗೈ ಬಿಚ್ಚಿ ಹಿಡಿ.