ಬಾರದ ಬೆಂಕಿಗೆ ಇಟ್ಟ ನೀರು



ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಬಂದು ಮುಗಿಯುತ್ತದೆ. ಮುರಕಲ್ಲಿನ ಗುಡ್ಡದಲ್ಲಿ ಆ ನೀರು ನಿಲ್ಲುವುದಿಲ್ಲ. ತಪಸ್ಸುಕಾಲ ಬರುವಷ್ಟರಲ್ಲಿ ಪದವಿನ ಮುಳಿಹುಲ್ಲು ಒಣಗಿರುತ್ತದೆ. ಬೆಂಕಿ ಹತ್ತಲು ಒಂದು ಬೀಡಿತುಂಡು ಸಾಕು. ಗೇರುತೋಟ ಉರಿಯತೊಡಗಿದರೆ ನಾವು ಹಸಿ ಸೊಪ್ಪಿನ ಗೆಲ್ಲು ಹಿಡಿದು ಬಡಿಯುತ್ತೇವೆ, ಅಗ್ನಿಶಾಮಕ ದಳಕ್ಕೆ ಫೋನು ಮಾಡುತ್ತೇವೆ. ಬಂದ ವಾಹನದ ನೀರು ಬೇಗನೆ ಮುಗಿಯುತ್ತದೆ. ಮತ್ತೆ ತುಂಬಿಸಲು ಹತ್ತಿರದಲ್ಲಿ ನೀರಿಲ್ಲದಿದ್ದರೆ ಗುಡ್ಡ ಉರಿಯುತ್ತಲೇ ಇರುತ್ತದೆ.

ನೀರು ಕೂಡಿಡುವುದು ನಮ್ಮ ಹಿರಿಯರಿಗೆ ತಿಳಿದಿತ್ತು. ಗುಡ್ಡದ ತಗ್ಗಿನಲ್ಲಿ ಒಡ್ಡು ಹಾಕಿ ಮದಕ ಮಾಡಿದರು. ಗುಡ್ಡ ಕೊರೆದು ಸುರಂಗ ತೋಡಿದರು. ಏತಡ್ಕದಂಥ ಊರುಗಳಲ್ಲಿ ಮಳೆ ನಿಂತ ಮೇಲೆ ಹಲವು ಮನೆಯವರು ಸೇರಿ ತೋಡಿಗೆ ಅಡ್ಡಲಾಗಿ ಕಟ್ಟ ಕಟ್ಟಿದರು. ಆದರೆ ಮದಕದ ಕೆಲಸ ನೀರನ್ನು ಇಂಗಿಸಿ ಕೆಳಗಿನ ಬಾವಿಗೆ ಕೊಡುವುದು. ಬೆಂಕಿಗೆಂದು ಬೇಕಾದ ನೀರು ಬೇಸಿಗೆಯ ಕೊನೆಯ ತನಕ ನಿಲ್ಲಬೇಕು. ಅದಕ್ಕೆ ತಳ ಸೋರದ ಕೆರೆಯೋ ಟ್ಯಾಂಕೋ ಬೇಕು. ಊರಿನವರು ಮನಸ್ಸು ಮಾಡಿದರೆ ಅದನ್ನು ಕಟ್ಟಬಹುದು.

ಕಟ್ಟಿದ ಮೇಲೆ ನಿಜವಾದ ಪ್ರಶ್ನೆ ಏಪ್ರಿಲ್‌ನಲ್ಲಿ ಏಳುತ್ತದೆ. ಮೇಲೆ ಟ್ಯಾಂಕಿನ ತುಂಬ ನೀರು, ಕೆಳಗೆ ಅಡಿಕೆ ಮರಗಳ ಸೋಗೆ ಜೋತು ಬೀಳುತ್ತಿದೆ. ಬರುತ್ತದೋ ಇಲ್ಲವೋ ತಿಳಿಯದ ಬೆಂಕಿಗಾಗಿ ಕಣ್ಣೆದುರಿನ ಬೆಳೆಯನ್ನು ಒಣಗಲು ಬಿಡುವುದು ಸರಿಯೇ? ಸಾಲ ಮಾಡಿ ತೋಟ ಮಾಡಿದವರಿಗೆ ಇದು ಅನ್ನದ ಪ್ರಶ್ನೆ.

ಕೂಡಿಡುವವರ ಎರಡು ಚಿತ್ರಗಳು ಪವಿತ್ರ ಗ್ರಂಥದಲ್ಲಿವೆ. ಈಜಿಪ್ಟಿನ ಜೋಸೆಫನು ಸಮೃದ್ಧಿಯ 7 ವರ್ಷ ಬೆಳೆಯ ಐದನೇ ಒಂದು ಪಾಲನ್ನು ತೆಗೆದಿರಿಸಿದ, ಅವನು ವಿವೇಕಿ. ಲೂಕನ ಶುಭಸಂದೇಶದ ಧನಿಕನೂ ಕಣಜಗಳನ್ನು ದೊಡ್ಡದು ಮಾಡಹೊರಟ, ಅವನು ಮೂರ್ಖ. ಇಬ್ಬರೂ ಮಾಡಿದ್ದು ಕೂಡಿಡುವ ಕೆಲಸವೇ. ಧನಿಕನು ತನ್ನೊಬ್ಬನ ಸುಖವನ್ನಷ್ಟೇ ಎಣಿಸಿದ. ಜೋಸೆಫನು ಇನ್ನೂ ಹಸಿಯದವರ ಹಸಿವನ್ನೂ ಲೆಕ್ಕಕ್ಕೆ ತೆಗೆದುಕೊಂಡ.

ಬೆಂಕಿಯ ನೀರಿನ ಲೆಕ್ಕವೂ ಹಾಗೆಯೇ. ಪಂಪು ಇದ್ದವರ ಅಗತ್ಯ ದಿನವೂ ಕಾಣುತ್ತದೆ. ಗುಡ್ಡದ ಅಂಚಿನ ಸಣ್ಣ ಮನೆಯವರಿಗೆ ತೋಟವೂ ಇಲ್ಲ, ಪಂಪೂ ಇಲ್ಲ. ಆ ನೀರಿನಲ್ಲಿ ಅವರ ಪಾಲು ಬೆಂಕಿ ಬಂದ ದಿನ ಮಾತ್ರ ಕಾಣುತ್ತದೆ. 2017ರ ಜೂನ್‌ನಲ್ಲಿ ಪೋರ್ಚುಗಲ್ಲಿನ ಪೆದ್ರೋಗಾವ್ ಗ್ರಾಂದೆ ಪ್ರದೇಶದ ಕಾಡ್ಗಿಚ್ಚು 60ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿನ ನೊದೈರಿಞೊ ಎಂಬ ಹಳ್ಳಿಯಲ್ಲಿ 12 ಮಂದಿ ಒಂದು ನೀರಿನ ತೊಟ್ಟಿಗೆ ಇಳಿದು ಜೀವ ಉಳಿಸಿಕೊಂಡರು. ಹಿಂದಿನ ದಿನ ಆ ತೊಟ್ಟಿಯನ್ನು ಯಾರಾದರೂ ಪೂರ್ತಿ ಖಾಲಿ ಮಾಡಿದ್ದರೆ ಅದನ್ನು ತಪ್ಪೆಂದು ಯಾರೂ ಹೇಳುತ್ತಿರಲಿಲ್ಲ.

ಹಾಗೆಂದು ಬಾಯಾರಿದವರ ಮುಂದೆ ಟ್ಯಾಂಕಿಗೆ ಬೀಗ ಹಾಕಲಾಗದು. ಕುಡಿಯುವ ನೀರು ಮೊದಲು. ತೋಟಕ್ಕೆ ಎಷ್ಟು, ಬೆಂಕಿಗೆ ಎಷ್ಟು ಎಂಬ ಗುರುತನ್ನು ಗೋಡೆಯ ಮೇಲೆ ಹಾಕಬೇಕು. ಅದನ್ನು ಏಪ್ರಿಲ್‌ನ ಜಗಳದ ನಡುವೆ ಅಲ್ಲ, ನೀರು ತುಂಬಿ ಎಲ್ಲರ ಮನಸ್ಸೂ ತಣ್ಣಗಿರುವ ಮಳೆಗಾಲದಲ್ಲೇ ನಿರ್ಧರಿಸಬೇಕು. ಗುರುತಿನ ಕೆಳಗಿನ ನೀರನ್ನು ಬಿಟ್ಟುಕೊಡುವವರು ಹೆಚ್ಚಾಗಿ ಪಕ್ಕದ ತೋಟದವರೇ. ಆ ಭಾರ ಅವರೊಬ್ಬರ ಮೇಲೆ ಬೀಳದಂತೆ ಹೂಳೆತ್ತುವ ಕೆಲಸ, ಖರ್ಚು, ಕಾವಲು ಉಳಿದವರ ಪಾಲಿಗೆ ಬರಬೇಕು. ಈ ಮಾತುಕತೆಗೆ ಕನ್ನಡ, ಕೊಂಕಣಿ, ತುಳು, ಬ್ಯಾರಿ, ಮಲಯಾಳ ಆಡುವ ಎಲ್ಲ ಮನೆಯವರೂ ಕೂರಬೇಕು.

ಪಾಸ್ಖ ಜಾಗರಣೆಯ ರಾತ್ರಿ ನಾವು ಬೆಂಕಿಯನ್ನೂ ನೀರನ್ನೂ ಆಶೀರ್ವದಿಸುತ್ತೇವೆ. ಆಗ ಹೊರಗೆ ಗುಡ್ಡ ಒಣಗಿರುತ್ತದೆ. ಮುಂದಿನ ಮಳೆಗೆ ಮುನ್ನ ನಮ್ಮ ವಾಳೆಯ ಕೂಟಗಳಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಬೆಂಕಿ ಬಂದರೆ ನಮ್ಮ ಗುಡ್ಡದಲ್ಲಿ ನೀರು ಎಲ್ಲಿದೆ, ಅದನ್ನು ಯಾರಿಗಾಗಿ ಉಳಿಸಿದ್ದೇವೆ?